ಪ್ರೈಮರಿಯ ನೂಕುನುಗ್ಗಲು, ನವೆಂಬರಿನ ಲೆಕ್ಕ

(ಗ್ರಂಥಾಲಯವೊಂದರ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಸ್ನೇಹಿತರೆ,

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆಯ ವರ್ಷ ಬಂತೆಂದರೆ ಮಾರ್ಚ್ ಹೊತ್ತಿಗೆ ಒಂದು ವಾದ ತಪ್ಪದೆ ಕಿವಿಗೆ ಬೀಳುತ್ತದೆ. ‘ನಮ್ಮ ಪಕ್ಷದ ಪ್ರೈಮರಿಗೆ ದಾಖಲೆ ಸಂಖ್ಯೆಯಲ್ಲಿ ಜನ ಬಂದಿದ್ದಾರೆ, ಎದುರು ಪಕ್ಷದ ಮತಗಟ್ಟೆಗಳು ಭಣಗುಡುತ್ತಿವೆ, ಆದ್ದರಿಂದ ನವೆಂಬರಿನಲ್ಲಿ ಗೆಲುವು ನಮ್ಮದೇ’ ಎಂಬ ವಾದ ಅದು. 2008ರಲ್ಲಿ ಡೆಮಾಕ್ರಟಿಕ್ ಪಕ್ಷದವರು ಹೀಗೆಂದರು, ಗೆದ್ದರು. 2016ರಲ್ಲಿ ಡೊನಾಲ್ಡ್ ಟ್ರಂಪ್ ಇದನ್ನೇ ಹೇಳಿಕೊಂಡು ತಿರುಗಿದರು, ಅವರೂ ಗೆದ್ದರು. ಎರಡು ಸಲ ನಿಜವಾದದ್ದನ್ನು ಮೂರನೆಯ ಸಲಕ್ಕೆ ನಿಯಮ ಎಂದು ಸಾರುವುದು ಟಿವಿ ಚರ್ಚೆಗಳ ಹಳೆಯ ಚಾಳಿ. ಈ ಸಂಜೆ ಆ ವಾದವನ್ನು ಅಂಕಿಗಳ ಎದುರು ನಿಲ್ಲಿಸಿ ನೋಡೋಣ.

ಮೊದಲು ಪ್ರೈಮರಿ ಎಂದರೇನು ಎಂಬುದನ್ನು ನಮ್ಮ ಅನುಭವದಿಂದಲೇ ತಿಳಿದುಕೊಳ್ಳಬಹುದು. ನಮ್ಮಲ್ಲಿ ಚುನಾವಣೆ ಘೋಷಣೆಯಾದ ಕೂಡಲೇ ಟಿಕೆಟ್ ಆಕಾಂಕ್ಷಿಗಳು ದೆಹಲಿಯ ವಿಮಾನ ಹತ್ತುತ್ತಾರೆ. ಮೊದಲ ಪಟ್ಟಿ, ಎರಡನೆಯ ಪಟ್ಟಿ ಎಂದು ಕಾಯುತ್ತಾರೆ. ಕೊನೆಯ ಗಳಿಗೆಯಲ್ಲಿ ಬಿ ಫಾರಂ ಕೈಗೆ ಬಂದರೆ ಅಭ್ಯರ್ಥಿ, ಬಾರದಿದ್ದರೆ ಬಂಡಾಯ. ಅಮೆರಿಕದಲ್ಲಿ ಆ ಬಿ ಫಾರಂ ಯಾರಿಗೆ ಸಿಗಬೇಕೆಂದು ತೀರ್ಮಾನಿಸುವವರು ಮತದಾರರು. ಪ್ರತಿ ರಾಜ್ಯವೂ ತನಗೆ ಬೇಕಾದ ದಿನಾಂಕದಲ್ಲಿ, ತನಗೆ ಬೇಕಾದ ನಿಯಮಗಳೊಡನೆ ಪಕ್ಷದೊಳಗಿನ ಈ ಚುನಾವಣೆಯನ್ನು ನಡೆಸುತ್ತದೆ. ಕೆಲವು ರಾಜ್ಯಗಳಲ್ಲಿ ಆಯಾ ಪಕ್ಷಕ್ಕೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಮತ, ಕೆಲವೆಡೆ ಯಾರು ಯಾವ ಪಕ್ಷದ ಪ್ರೈಮರಿಗೆ ಬೇಕಾದರೂ ಹೋಗಬಹುದು. ಅಯೋವಾದಂಥ ಕಡೆ ಪ್ರೈಮರಿಯ ಬದಲು ಕಾಕಸ್ ಎಂಬ ಸಂಜೆಯ ಸಭೆ ನಡೆಯುತ್ತದೆ. ಇಷ್ಟು ಬಗೆಯ ನಿಯಮಗಳಡಿ ಬಂದ ಮತಗಳನ್ನು ಒಂದೇ ರಾಶಿಗೆ ಸುರಿದು ‘ಒಟ್ಟು ಇಷ್ಟು ಕೋಟಿ’ ಎನ್ನುವುದರಲ್ಲೇ ಒಂದು ಎಡವಟ್ಟು ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ವಿಸ್ಕಾನ್ಸಿನ್ ರಾಜ್ಯ ಪ್ರೈಮರಿ ಕಾಯಿದೆ ಮಾಡಿದ್ದು 1903ರಲ್ಲಿ. ಆದರೆ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಯಲ್ಲಿ ಪ್ರೈಮರಿಗಳ ಮಾತೇ ಅಂತಿಮವಾಗಲು ಇನ್ನೂ ಏಳು ದಶಕ ಬೇಕಾಯಿತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಆ ವರ್ಷ ಅಭ್ಯರ್ಥಿಯನ್ನು ಘೋಷಿಸಿದ ಪಕ್ಷದ ಶಿಕಾಗೊ ಸಮಾವೇಶದ ಹೊರಗೆ ಲಾಠಿ, ಒಳಗೆ ಗದ್ದಲ. ಆ ಅವಮಾನದಿಂದ ಹುಟ್ಟಿದ ಸುಧಾರಣಾ ಆಯೋಗ ನಿಯಮಗಳನ್ನು ಬದಲಿಸಿತು. ಆ ಆಯೋಗದ ಮೊದಲ ಅಧ್ಯಕ್ಷ ಜಾರ್ಜ್ ಮೆಕ್‌ಗವರ್ನ್. 1972ರಲ್ಲಿ ಹೊಸ ನಿಯಮಗಳಡಿ ಅಭ್ಯರ್ಥಿಯಾಗಿ ಗೆದ್ದು ಬಂದವರೂ ಅವರೇ. ನವೆಂಬರಿನಲ್ಲಿ 50 ರಾಜ್ಯಗಳ ಪೈಕಿ 49ನ್ನು ಕಳೆದುಕೊಂಡವರೂ ಅವರೇ.

ನಮ್ಮ ದೇಶದಲ್ಲೂ ಈ ಪ್ರಯೋಗ ಒಮ್ಮೆ ನಡೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ಹದಿನೈದು-ಹದಿನಾರು ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಮತ ಹಾಕಿದವರು ಸಾಮಾನ್ಯ ಮತದಾರರಲ್ಲ, ಪಕ್ಷದ ಪದಾಧಿಕಾರಿಗಳಂಥವರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಬಿ. ಜನಾರ್ದನ ಪೂಜಾರಿ ಗೆದ್ದು ಅಭ್ಯರ್ಥಿಗಳಾದರು. ಮೇ ತಿಂಗಳಲ್ಲಿ ಡಿ.ವಿ. ಸದಾನಂದಗೌಡ ಮತ್ತು ನಳಿನ್ ಕುಮಾರ್ ಕಟೀಲ್ ಅವರೆದುರು ಇಬ್ಬರೂ ಸೋತರು. ಆ ವರ್ಷದ ಅಲೆಯಲ್ಲಿ ಪ್ರೈಮರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಆಗಿತ್ತು. ಪ್ರಯೋಗ ಅಲ್ಲಿಗೇ ನಿಂತಿತು.

ಈಗ ಅಂಕಿಗಳಿಗೆ ಬರೋಣ. 1972ರಿಂದ 2024ರವರೆಗೆ ಅಧ್ಯಕ್ಷೀಯ ಚುನಾವಣೆಗಳು 14. ಪ್ರತಿ ಸಲವೂ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಪಕ್ಷದ ಪ್ರೈಮರಿಗಳಿಗೆ ಹೆಚ್ಚು ಜನ ಬಂದರು, ಶ್ವೇತಭವನ ಯಾರಿಗೆ ಸಿಕ್ಕಿತು?

ಹೊಂದಿಕೆಯಾದ ವರ್ಷಗಳು 1976, 1992, 2000, 2008, 2016, 2020, 2024. ಹೊಂದಿಕೆಯಾಗದವು 1972, 1980, 1984, 1988, 1996, 2004, 2012. ಎಣಿಸಿ ನೋಡಿ, ಆ ಕಡೆ ಏಳು, ಈ ಕಡೆ ಏಳು. ನಾಣ್ಯ ಚಿಮ್ಮಿಸಿದ್ದರೂ ಇದಕ್ಕಿಂತ ಕೆಟ್ಟ ಭವಿಷ್ಯ ಸಿಗುತ್ತಿರಲಿಲ್ಲ.

ಇಷ್ಟಕ್ಕೇ ಉಪನ್ಯಾಸ ಮುಗಿಸಿ ಕಾಫಿಗೆ ಹೋಗಬಹುದಿತ್ತು. ಆದರೆ ಸರಾಸರಿಯಲ್ಲಿ ಏನೂ ಕಾಣದಿದ್ದಾಗ ಗುಂಪುಗಳನ್ನು ಬಿಡಿಸಿ ನೋಡಬೇಕು ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠ. ಬಿಡಿಸಿದರೆ ಕಥೆ ಬೇರೆಯೇ ಆಗಿ ಕಾಣುತ್ತದೆ.

1984ನ್ನು ತೆಗೆದುಕೊಳ್ಳಿ. ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ ವಾಲ್ಟರ್ ಮಾಂಡೇಲ್, ಗ್ಯಾರಿ ಹಾರ್ಟ್, ಜೆಸ್ಸಿ ಜಾಕ್ಸನ್ ನಡುವೆ ಜೂನ್‌ವರೆಗೆ ಜಟಾಪಟಿ. ಸುಮಾರು 1.8 ಕೋಟಿ ಜನ ಮತ ಹಾಕಿದರು. ರಿಪಬ್ಲಿಕನ್ ಪಕ್ಷದಲ್ಲಿ ಹಾಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಎದುರು ಹೇಳಿಕೊಳ್ಳುವಂಥ ಯಾರೂ ಇರಲಿಲ್ಲ. ಬಂದವರು 66 ಲಕ್ಷದ ಆಸುಪಾಸು. ಒಂದಕ್ಕೆ ಹತ್ತಿರ ಹತ್ತಿರ ಮೂರು. ನವೆಂಬರಿನಲ್ಲಿ ಮಾಂಡೇಲ್ ಗೆದ್ದದ್ದು ತವರು ರಾಜ್ಯ ಮಿನೆಸೋಟ ಮತ್ತು ರಾಜಧಾನಿ ವಾಷಿಂಗ್ಟನ್ ನಗರ, ಅಷ್ಟೇ. ರೇಗನ್‌ಗೆ 525 ಎಲೆಕ್ಟೋರಲ್ ಮತ (ಗೆದ್ದ ರಾಜ್ಯಗಳ ಲೆಕ್ಕದಲ್ಲಿ ಸಿಗುವ, ಅಧ್ಯಕ್ಷರು ಯಾರೆಂದು ತೀರ್ಮಾನಿಸುವ ಮತ), ಮಾಂಡೇಲ್‌ಗೆ 13. 1972ರಲ್ಲಿ ನಿಕ್ಸನ್, 1996ರಲ್ಲಿ ಕ್ಲಿಂಟನ್, 2004ರಲ್ಲಿ ಜಾರ್ಜ್ ಡಬ್ಲ್ಯು. ಬುಷ್, 2012ರಲ್ಲಿ ಒಬಾಮ, ಇವರೆಲ್ಲರದೂ ಇದೇ ಕಥೆ. ಸ್ವಂತ ಪಕ್ಷದಲ್ಲಿ ನಿಜವಾದ ಎದುರಾಳಿ ಇಲ್ಲ, ಪ್ರೈಮರಿಗೆ ಜನ ಬರಲು ಕಾರಣವಿಲ್ಲ. ಫಲಿತಾಂಶ ಮೊದಲೇ ಗೊತ್ತಿರುವ ಪಂದ್ಯಕ್ಕೆ ಟಿಕೆಟ್ ಕೊಳ್ಳುವವರು ಎಷ್ಟು ಜನ? ಹೊಂದಿಕೆಯಾಗದ ಏಳರಲ್ಲಿ ಐದು ವರ್ಷಗಳು ಇಂಥವೇ.

ಇನ್ನೂ ಒಂದು ತಮಾಷೆ ನೋಡಿ. ಒಂದು ಪಕ್ಷದ ಪ್ರೈಮರಿ ಮತ ಇನ್ನೊಂದರ ಎರಡು ಪಟ್ಟನ್ನು ಮುಟ್ಟಿದ್ದು ಅಥವಾ ಮೀರಿದ್ದು 1972, 1984, 2004, 2012ರಲ್ಲಿ. ನಾಲ್ಕು ಸಲವೂ ಜನ ಜಾಸ್ತಿ ಬಂದ ಪಕ್ಷವೇ ಸೋತಿತು. ಅಂತರ ದೊಡ್ಡದಾದಷ್ಟೂ ಗೆಲುವು ಖಚಿತ ಎನ್ನುವವರು ಈ ನಾಲ್ಕು ವರ್ಷಗಳನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಹಾಲಿ ಅಧ್ಯಕ್ಷರಿಗೆ ಸ್ವಪಕ್ಷದಲ್ಲೇ ಬಲವಾದ ಸ್ಪರ್ಧೆ ಎದುರಾದ ವರ್ಷಗಳು ಮೂರು. 1976ರಲ್ಲಿ ಫೋರ್ಡ್ ಎದುರು ರೇಗನ್, 1980ರಲ್ಲಿ ಕಾರ್ಟರ್ ಎದುರು ಎಡ್ವರ್ಡ್ ಕೆನಡಿ, 1992ರಲ್ಲಿ ಹಿರಿಯ ಬುಷ್ ಎದುರು ಪ್ಯಾಟ್ ಬುಕ್ಯಾನನ್. ಮೂವರು ಅಧ್ಯಕ್ಷರೂ ಪಕ್ಷದೊಳಗೆ ಗೆದ್ದರು, ನವೆಂಬರಿನಲ್ಲಿ ಸೋತರು. ಇಲ್ಲಿ ಗಮನಿಸಬೇಕಾದದ್ದು 1980. ಆ ಜಗಳದಿಂದಾಗಿ ಕಾರ್ಟರ್ ಪಕ್ಷದ ಪ್ರೈಮರಿಗಳಿಗೆ ರಿಪಬ್ಲಿಕನ್ನರಿಗಿಂತ ಹೆಚ್ಚು ಜನ ಬಂದರು, 1.27 ಕೋಟಿಗೆ ಎದುರಾಗಿ 1.8 ಕೋಟಿಗೂ ಹೆಚ್ಚು. ಮನೆಗೆ ಬೆಂಕಿ ಬಿದ್ದಾಗ ಬೀದಿ ತುಂಬ ಜನ ಸೇರಿದ್ದನ್ನು ಜನಪ್ರಿಯತೆ ಎಂದು ಬಗೆಯಬಾರದು. ರೇಗನ್ 44 ರಾಜ್ಯಗಳನ್ನು ಗೆದ್ದರು.

ಉಳಿದದ್ದು ಹಾಲಿ ಅಧ್ಯಕ್ಷರು ಕಣದಲ್ಲಿಲ್ಲದ, ಎರಡೂ ಕಡೆ ನಿಜವಾದ ಸ್ಪರ್ಧೆ ಇದ್ದ ವರ್ಷಗಳು: 1988, 2000, 2008, 2016. ವಾದಕ್ಕೆ ನ್ಯಾಯ ಒದಗಿಸಬೇಕಾದರೆ ಪರೀಕ್ಷೆ ಇಲ್ಲೇ ನಡೆಯಬೇಕು, ಏಕೆಂದರೆ ಇಲ್ಲಿ ಎರಡೂ ತಕ್ಕಡಿಗಳಲ್ಲಿ ಏನಾದರೂ ಇದೆ. ನಾಲ್ಕರಲ್ಲಿ ಮೂರು ಸಲ ಹೆಚ್ಚು ಜನ ಬಂದ ಪಕ್ಷ ಶ್ವೇತಭವನಕ್ಕೆ ಹೋಯಿತು. ಪರವಾಗಿಲ್ಲ ಎನಿಸುತ್ತದೆ. ಆದರೆ 2000ದಲ್ಲಿ ಬುಷ್ ದೇಶದ ಒಟ್ಟು ಮತಗಳಲ್ಲಿ ಅಲ್ ಗೋರ್ ಅವರಿಗಿಂತ ಐದು ಲಕ್ಷಕ್ಕೂ ಹೆಚ್ಚು ಹಿಂದಿದ್ದರು. ಫ್ಲಾರಿಡಾದ 537 ಮತಗಳು ಅವರನ್ನು ದಡ ಮುಟ್ಟಿಸಿದವು. 2016ರಲ್ಲಿ ಟ್ರಂಪ್ ಒಟ್ಟು ಮತಗಳಲ್ಲಿ ಹಿಲರಿ ಕ್ಲಿಂಟನ್ ಅವರಿಗಿಂತ 28 ಲಕ್ಷಕ್ಕೂ ಹೆಚ್ಚು ಹಿಂದಿದ್ದರು. ಪ್ರೈಮರಿಯ ಜನಸಂಖ್ಯೆ ನವೆಂಬರಿನ ಜನಸಂಖ್ಯೆಯನ್ನು ಹೇಳಬೇಕೆಂಬುದೇ ತಾನೇ ವಾದ? ಹಾಗಿದ್ದರೆ ನಾಲ್ಕರಲ್ಲಿ ಅದು ಸರಿಹೋದದ್ದು 2008 ಒಂದರಲ್ಲೇ. 1988ರಲ್ಲಂತೂ ಡೆಮಾಕ್ರಟಿಕ್ ಕಡೆ ಸುಮಾರು 2.3 ಕೋಟಿ, ರಿಪಬ್ಲಿಕನ್ ಕಡೆ 1.2 ಕೋಟಿ. ಜುಲೈ ಸಮಾವೇಶದ ಬಳಿಕದ ಗ್ಯಾಲಪ್ ಸಮೀಕ್ಷೆಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಮೈಕೆಲ್ ಡುಕಾಕಿಸ್ 17 ಶೇಕಡಾ ಅಂಕ ಮುಂದಿದ್ದರು. ನವೆಂಬರಿನಲ್ಲಿ ಹಿರಿಯ ಬುಷ್ 40 ರಾಜ್ಯಗಳನ್ನು ಗೆದ್ದರು.

2020 ಮತ್ತು 2024ರ ಬಗ್ಗೆ ಎರಡು ಮಾತು. 2020ರಲ್ಲಿ ಟ್ರಂಪ್‌ಗೆ ಪಕ್ಷದೊಳಗೆ ಎದುರಾಳಿ ಇಲ್ಲದಿದ್ದರೂ ಅವರು ಸೋತರು. 1972ರಿಂದ 2012ರವರೆಗೆ ಐವರು ಹಾಲಿ ಅಧ್ಯಕ್ಷರನ್ನು ಕಾಪಾಡಿದ ಸೂತ್ರ ಅಲ್ಲಿ ಮುರಿಯಿತು. 2024ರ ಡೆಮಾಕ್ರಟಿಕ್ ಪ್ರೈಮರಿಗಳ ಮತಗಳನ್ನು ಯಾವ ಖಾತೆಗೆ ಬರೆಯಬೇಕೆಂಬುದೇ ಗೊಂದಲ. ಮತ ಬಿದ್ದದ್ದು ಜೋ ಬೈಡನ್‌ಗೆ. ಜುಲೈ 21ರಂದು ಅವರು ಹಿಂದೆ ಸರಿದರು. ನವೆಂಬರಿನಲ್ಲಿ ನಿಂತದ್ದು ಕಮಲಾ ಹ್ಯಾರಿಸ್.

ರಾಷ್ಟ್ರದ ಮೊತ್ತ ಬಿಟ್ಟು ರಾಜ್ಯಗಳೊಳಗೆ ಇಳಿದರೆ ವಾದ ಇನ್ನಷ್ಟು ಸಡಿಲವಾಗುತ್ತದೆ. ನನಗೆ ಅತಿ ಇಷ್ಟದ ಉದಾಹರಣೆ ವೆಸ್ಟ್ ವರ್ಜೀನಿಯ. ಕಲ್ಲಿದ್ದಲು ಗಣಿಗಳ, ಬೆಟ್ಟಗುಡ್ಡಗಳ ಬಡ ರಾಜ್ಯ. ಗಣಿ ಕಾರ್ಮಿಕ ಸಂಘಗಳ ಕಾಲದಿಂದ ಅಪ್ಪ, ಅಜ್ಜ ಎಲ್ಲರೂ ಡೆಮಾಕ್ರಟಿಕ್ ಪಕ್ಷಕ್ಕೆ ಹೆಸರು ಬರೆಸಿದವರು. ಮಕ್ಕಳೂ ಹಾಗೇ ಬರೆಸಿಕೊಂಡರು, ಅಧ್ಯಕ್ಷೀಯ ಚುನಾವಣೆಯ ಮತ ಮಾತ್ರ 2000ದಿಂದ ರಿಪಬ್ಲಿಕನ್ನರ ಕಡೆ ಹೋಯಿತು. ನೋಂದಾಯಿತ ರಿಪಬ್ಲಿಕನ್ನರ ಸಂಖ್ಯೆ ಡೆಮಾಕ್ರಟರನ್ನು ದಾಟಿದ್ದು 2021ರಷ್ಟು ಈಚೆಗೆ. 2012ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಾಲಿ ಅಧ್ಯಕ್ಷ ಒಬಾಮ ಎದುರು ಟೆಕ್ಸಾಸ್‌ನ ಸೆರೆಮನೆಯಲ್ಲಿದ್ದ ಕೈದಿಯೊಬ್ಬ ಹೆಸರು ಕೊಟ್ಟಿದ್ದ. ಅವನಿಗೆ ಶೇ 41 ಮತ ಬಿತ್ತು. ಅದು ಅವನ ಮೇಲಿನ ಪ್ರೀತಿಯಂತೂ ಅಲ್ಲ.

ಅದೇ ರಾಜ್ಯದಲ್ಲಿ 2016ರ ಮೇ 10ರಂದು ಪ್ರೈಮರಿ ನಡೆಯಿತು. ಆ ಹೊತ್ತಿಗೆ ಟೆಡ್ ಕ್ರೂಸ್ ಮತ್ತು ಜಾನ್ ಕೇಸಿಕ್ ಕಣ ಬಿಟ್ಟಿದ್ದರು, ರಿಪಬ್ಲಿಕನ್ ಸ್ಪರ್ಧೆ ಮುಗಿದಿತ್ತು. ಬರ್ನಿ ಸ್ಯಾಂಡರ್ಸ್ ಮತ್ತು ಹಿಲರಿ ಕ್ಲಿಂಟನ್ ನಡುವಿನದು ಇನ್ನೂ ಬಿಸಿಯಾಗಿತ್ತು. ಡೆಮಾಕ್ರಟಿಕ್ ಪ್ರೈಮರಿಗೆ ಸುಮಾರು 2.4 ಲಕ್ಷ ಮತ, ರಿಪಬ್ಲಿಕನ್ ಪ್ರೈಮರಿಗೆ 2 ಲಕ್ಷ ಚಿಲ್ಲರೆ. ರಾಜ್ಯದ 55 ಕೌಂಟಿಗಳನ್ನೂ (ನಮ್ಮ ಜಿಲ್ಲೆಗಳಂಥವು) ಸ್ಯಾಂಡರ್ಸ್ ಗೆದ್ದರು. ಆರು ತಿಂಗಳ ಬಳಿಕ ಅದೇ 55 ಕೌಂಟಿಗಳನ್ನೂ ಟ್ರಂಪ್ ಗೆದ್ದರು, ಅದೂ 42 ಅಂಕಗಳ ಅಂತರದಿಂದ. ಮತಗಟ್ಟೆಯಿಂದ ಹೊರಬಂದವರನ್ನು ಮಾತನಾಡಿಸಿದ ಸಮೀಕ್ಷೆಗಾರರ ಬಳಿ ಸ್ಯಾಂಡರ್ಸ್‌ಗೆ ಮತ ಹಾಕಿದವರಲ್ಲಿ ಗಣನೀಯ ಪಾಲು ಜನ ನವೆಂಬರಿನಲ್ಲಿ ಟ್ರಂಪ್‌ಗೆ ಹಾಕುವುದಾಗಿ ಆ ದಿನವೇ ಹೇಳಿದ್ದರು. ಎಣಿಕೆಯ ಮೇಜಿನ ಮೇಲೆ ಮಾತ್ರ ಅವರೆಲ್ಲರೂ ಡೆಮಾಕ್ರಟಿಕ್ ಮತಗಳು.

ನಿಯಮಗಳ ಎಡವಟ್ಟು ಎಂದೆನಲ್ಲ, ಅದಕ್ಕೆ 2008ರ ಮಿಶಿಗನ್ ಸಾಕ್ಷಿ. ಪಕ್ಷದ ವೇಳಾಪಟ್ಟಿ ಮೀರಿ ಜನವರಿಯಲ್ಲೇ ಪ್ರೈಮರಿ ಇಟ್ಟುಕೊಂಡರೆಂದು ಡೆಮಾಕ್ರಟಿಕ್ ಪಕ್ಷ ಆ ರಾಜ್ಯವನ್ನು ದಂಡಿಸಿತು. ಒಬಾಮ ತಮ್ಮ ಹೆಸರನ್ನೇ ಮತಪತ್ರದಿಂದ ತೆಗೆಸಿದರು. ಬಂದವರು ಆರು ಲಕ್ಷಕ್ಕೂ ಕಡಿಮೆ. ಅದೇ ದಿನ ಮಿಟ್ ರೋಮ್ನಿ ಮತ್ತು ಜಾನ್ ಮೆಕೇನ್ ಸೆಣಸಿದ ರಿಪಬ್ಲಿಕನ್ ಪ್ರೈಮರಿಗೆ ಸುಮಾರು 8.7 ಲಕ್ಷ. ನವೆಂಬರಿನಲ್ಲಿ ಒಬಾಮ ಮಿಶಿಗನ್ನನ್ನು 16 ಅಂಕಗಳಿಂದ ಗೆದ್ದರು.

ಇನ್ನು ಅಯೋವಾ. ಕಾಕಸ್ ಎಂದರೆ ಬೆಳಗಿನಿಂದ ಸಂಜೆಯವರೆಗೆ ಯಾವಾಗಲಾದರೂ ಹೋಗಿ ಗುಂಡಿ ಒತ್ತಿ ಬರುವ ಕೆಲಸವಲ್ಲ. ಸಂಜೆ ಏಳಕ್ಕೆ ಸರಿಯಾಗಿ ಶಾಲೆಯ ಜಿಮ್ನಾಷಿಯಂಗೋ ಚರ್ಚಿನ ನೆಲಮಾಳಿಗೆಗೋ ಹೋಗಿ ಕೂರಬೇಕು. ಅಭ್ಯರ್ಥಿಗಳ ಪರವಾಗಿ ಊರಿನವರೇ ಮಾಡುವ ಭಾಷಣ ಕೇಳಬೇಕು. ರಿಪಬ್ಲಿಕನ್ನರಲ್ಲಾದರೆ ಆಮೇಲೆ ಒಂದು ಚೀಟಿಯ ಮೇಲೆ ಹೆಸರು ಬರೆದು ಕೊಡಬೇಕು. ರಾತ್ರಿ ಪಾಳಿಯ ಕೆಲಸದವರು, ಕೈಗೂಸಿನ ತಾಯಂದಿರು ಬರುವುದು ಕಷ್ಟ. 2024ರ ಜನವರಿ 15ರ ಆ ಸಂಜೆ ತಾಪಮಾನ ಸೊನ್ನೆಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು, ಮೇಲೆ ಗಾಳಿ. ಜೊತೆಗೆ ಟ್ರಂಪ್ ಗೆಲ್ಲುವುದು ಎಲ್ಲರಿಗೂ ಗೊತ್ತಿತ್ತು. 2016ರಲ್ಲಿ 1.87 ಲಕ್ಷ ಇದ್ದ ಹಾಜರಿ 1.1 ಲಕ್ಷಕ್ಕೆ ಇಳಿಯಿತು. ಉತ್ಸಾಹ ಕುಗ್ಗಿದೆ ಎಂದು ಮರುದಿನ ಬರೆದವರು ಕಡಿಮೆ ಇಲ್ಲ. ನವೆಂಬರಿನಲ್ಲಿ ಅಯೋವಾದಲ್ಲಿ ಟ್ರಂಪ್ ಗೆಲುವಿನ ಅಂತರ 13 ಅಂಕ. 2016ರಲ್ಲಿ ಅದು 9 ಚಿಲ್ಲರೆ ಇತ್ತು.

ಹೀಗೇಕಾಗುತ್ತದೆ? ಕಾರಣದಲ್ಲಿ ಗೂಢವೇನಿಲ್ಲ. 2016ರಲ್ಲಿ ಎರಡೂ ಪಕ್ಷಗಳ ಪ್ರೈಮರಿಗಳಿಗೆ ಬಂದವರು ಅರ್ಹ ಮತದಾರರಲ್ಲಿ ನೂರಕ್ಕೆ 28-29 ಮಂದಿ. ನವೆಂಬರಿನಲ್ಲಿ ಬಂದವರು ಸುಮಾರು 60. ಅಂದರೆ ಚುನಾವಣೆಯನ್ನು ನಿರ್ಧರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪ್ರೈಮರಿಯ ಕಡೆ ತಲೆ ಹಾಕಿರಲಿಲ್ಲ. ಪ್ರೈಮರಿಗೆ ಬಂದವರಾದರೋ ನವೆಂಬರಿನಲ್ಲಿ ಹೇಗೂ ಬರುವವರು. ಅಮೆರಿಕದಲ್ಲಿ ಯಾರಿಗೆ ಮತ ಹಾಕಿದಿರಿ ಎಂಬುದು ಗುಟ್ಟು, ಮತ ಹಾಕಿದಿರೋ ಇಲ್ಲವೋ ಎಂಬುದು ಕಡತದಲ್ಲಿರುವ ಮಾಹಿತಿ. 2016ರಲ್ಲಿ ರಿಪಬ್ಲಿಕನ್ ಪ್ರೈಮರಿಗೆ ‘ಹೊಸದಾಗಿ’ ಬಂದವರ ಕಡತ ತೆರೆದು ನೋಡಿದ ಪತ್ರಕರ್ತರಿಗೆ ಕಂಡದ್ದೇನೆಂದರೆ, ಅವರಲ್ಲಿ ಬಹುಪಾಲು ಜನ ಹಿಂದಿನ ನವೆಂಬರ್ ಚುನಾವಣೆಗಳಲ್ಲಿ ಮತ ಹಾಕಿದ್ದವರೇ. ಅವರು ಪ್ರೈಮರಿಗೆ ಹೊಸಬರು, ಮತದಾನಕ್ಕೆ ಹಳಬರು. ಪಕ್ಷದ ಬುಟ್ಟಿಗೆ ಹೊಸ ಮತವೇನೂ ಬಿದ್ದಿರಲಿಲ್ಲ.

ಪ್ರೈಮರಿಯ ಹಾಜರಿ ಅಳೆಯುವುದು ಪಕ್ಷದೊಳಗಿನ ಸ್ಪರ್ಧೆಯ ಕಾವನ್ನು. ದೇಶದಲ್ಲಿ ಪಕ್ಷಕ್ಕಿರುವ ಬೆಂಬಲವನ್ನು ಅಳೆಯಲು ಅದು ಮಾಡಿದ ಉಪಕರಣವಲ್ಲ. ನನ್ನ ಈ ಮಾತನ್ನು ಯಾರಾದರೂ ಅಲುಗಾಡಿಸಬಲ್ಲರಾದರೆ ಅದು ಹಾಜರಿಯ ಬದಲು ಬೇರೆ ಅಂಕಿ ಹಿಡಿದು ಬರುವವರು. ಅಂಥವರು ಇದ್ದಾರೆ. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಹೆಲ್ಮುಟ್ ನಾರ್ಪೋತ್ ಮೊದಲ ಪ್ರೈಮರಿಗಳಲ್ಲಿ ಅಭ್ಯರ್ಥಿಗೆ ಸಿಕ್ಕ ಮತಪಾಲನ್ನು ಆಧರಿಸಿ ಒಂದು ಮಾದರಿ ಕಟ್ಟಿದ್ದಾರೆ. 2016ರಲ್ಲಿ ಸಮೀಕ್ಷೆಗಳೆಲ್ಲ ಹಿಲರಿ ಎನ್ನುತ್ತಿದ್ದಾಗ ಆ ಮಾದರಿ ಟ್ರಂಪ್ ಎಂದಿತು, ಒಂದೇ ರಾತ್ರಿಯಲ್ಲಿ ಹೆಸರಾಯಿತು. 2020ರಲ್ಲಿ ಟ್ರಂಪ್ ಗೆಲ್ಲುವ ಸಾಧ್ಯತೆ ಶೇ 91, ಎಲೆಕ್ಟೋರಲ್ ಮತ 362 ಎಂದಿತು. ಸಿಕ್ಕದ್ದು 232. ಇಷ್ಟು ಕಡಿಮೆ ಚುನಾವಣೆಗಳ ಇತಿಹಾಸದಿಂದ ಶೇ 91ರಷ್ಟು ಆತ್ಮವಿಶ್ವಾಸ ಹೇಗೆ ಹುಟ್ಟುತ್ತದೆ ಎಂಬುದು ನನಗಂತೂ ಬಗೆಹರಿಯದ ಒಗಟು.

ಇನ್ನು ಕೆಲವರು ಪ್ರತಿಭಟನಾ ಮತಗಳನ್ನು ಓದುತ್ತಾರೆ. 2024ರ ಫೆಬ್ರವರಿಯಲ್ಲಿ ಮಿಶಿಗನ್ನಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಗಾಜಾ ಯುದ್ಧದ ಮೇಲಿನ ಸಿಟ್ಟಿನಿಂದ ‘ಯಾರಿಗೂ ಬದ್ಧರಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದರು. ನವೆಂಬರಿನಲ್ಲಿ ಆ ರಾಜ್ಯವನ್ನು ಡೆಮಾಕ್ರಟರು ಸುಮಾರು 80 ಸಾವಿರ ಮತಗಳಿಂದ ಕಳೆದುಕೊಂಡರು. ನೋಡಿದಿರಾ, ಮುನ್ಸೂಚನೆ ಸಿಕ್ಕಿತ್ತು ಎಂದು ಹೇಳಲು ಬಾಯಿ ತೆರೆಯುವ ಮುನ್ನ ಪೆನ್ಸಿಲ್ವೇನಿಯ ನೋಡಿ. ಏಪ್ರಿಲ್‌ನಲ್ಲಿ, ಪಕ್ಷದೊಳಗೆ ಟ್ರಂಪ್ ಎದುರಾಳಿಯಾಗಿದ್ದ ನಿಕ್ಕಿ ಹೇಲಿ ಕಣ ಬಿಟ್ಟು ಒಂದೂವರೆ ತಿಂಗಳಾದ ಮೇಲೂ, ರಿಪಬ್ಲಿಕನ್ ಪ್ರೈಮರಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಅವರ ಹೆಸರಿಗೇ ಮತ ಹಾಕಿದರು. ಅಲ್ಲಿ ಟ್ರಂಪ್ ಸುಮಾರು 1.2 ಲಕ್ಷ ಮತಗಳಿಂದ ಗೆದ್ದರು. ಒಂದೇ ವರ್ಷ, ಒಂದೇ ಬಗೆಯ ಸಿಟ್ಟು, ಎರಡು ಫಲ.

ಹಾಗಾದರೆ ಪ್ರೈಮರಿಗಳಿಂದ ಏನನ್ನೂ ಕಲಿಯಲಾಗದೇ? ಕಲಿಯಬಹುದು, ಒಂದು ಷರತ್ತಿನ ಮೇಲೆ. ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ಒಂದೇ ಮತಪತ್ರದಲ್ಲಿ ಇರಬೇಕು. ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದಲ್ಲಿ 2008ರಿಂದ ಹಾಗೆಯೇ ಇದೆ. ಅಧ್ಯಕ್ಷೀಯ ಆಯ್ಕೆಗಲ್ಲ, ಸೆನೆಟ್, ಪ್ರತಿನಿಧಿ ಸಭೆ, ಗವರ್ನರ್ ಹುದ್ದೆಗಳಿಗೆ. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ, ಜೊತೆಗೆ ಅಭ್ಯರ್ಥಿಗಳ ಪರಿಚಯದ ಕಿರುಪುಸ್ತಿಕೆ. ಪ್ರತಿ ಹೆಸರಿನ ಕೆಳಗೆ ‘ಡೆಮಾಕ್ರಟಿಕ್ ಪಕ್ಷವನ್ನು ಇಷ್ಟಪಡುತ್ತಾರೆ’, ‘ರಿಪಬ್ಲಿಕನ್ ಪಕ್ಷವನ್ನು ಇಷ್ಟಪಡುತ್ತಾರೆ’ ಎಂದು ಬರೆದಿರುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಗುರುತು ಹಾಕಿ, ಲಕೋಟೆಗೆ ಸಹಿ ಮಾಡಿ, ಅಂಚೆಗೋ ಬೀದಿಯ ಮತಪೆಟ್ಟಿಗೆಗೋ ಹಾಕಬೇಕು. ಮೊದಲ ಎರಡು ಸ್ಥಾನದವರು, ಒಂದೇ ಪಕ್ಷದವರಾದರೂ ಸರಿ, ನವೆಂಬರಿಗೆ ಹೋಗುತ್ತಾರೆ.

ಇಲ್ಲಿ ಮತದಾರ ಎದುರು ಪಕ್ಷದವರನ್ನೂ ನೋಡಿಯೇ ಗುರುತು ಹಾಕುತ್ತಾನೆ. ಆದ್ದರಿಂದ ಆಗಸ್ಟ್‌ನ ಪಕ್ಷವಾರು ಮೊತ್ತಕ್ಕೆ ಅರ್ಥವಿದೆ. ಅದನ್ನು ಅದೇ ರಾಜ್ಯದ ಹಿಂದಿನ ಆಗಸ್ಟ್‌ಗಳೊಡನೆ ಹೋಲಿಸಿದರೆ ದೇಶದ ಗಾಳಿ ಯಾವ ಕಡೆ ಎಂಬ ಸುಳಿವು ಸಿಗುತ್ತದೆ. ಅಲ್ಲಿನ ಡೆಮಾಕ್ರಟಿಕ್ ಸೆನೆಟರ್ ಪ್ಯಾಟಿ ಮರ್ರೆ ಅವರನ್ನೇ ನೋಡಿ. 2010ರ ಆಗಸ್ಟ್‌ನಲ್ಲಿ ಅವರಿಗೆ ಶೇ 46 ಮತ. ಆ ನವೆಂಬರಿನಲ್ಲಿ ಅವರು ಏದುಸಿರು ಬಿಡುತ್ತ ಗೆದ್ದರು, ದೇಶದಲ್ಲಿ ಅವರ ಪಕ್ಷ ಪ್ರತಿನಿಧಿ ಸಭೆಯ 63 ಸ್ಥಾನ ಕಳೆದುಕೊಂಡಿತು. 2022ರ ಆಗಸ್ಟ್‌ನಲ್ಲಿ, ಕೆಂಪು ಅಲೆ, ಅಂದರೆ ರಿಪಬ್ಲಿಕನ್ ಅಲೆ, ಬರುತ್ತದೆ ಎಂದು ಎಲ್ಲರೂ ಕೂಗುತ್ತಿದ್ದಾಗ, ಮರ್ರೆಗೆ ಬಿದ್ದದ್ದು ಶೇ 52. ಅಲೆ ಅಷ್ಟೇನೂ ಎತ್ತರವಿಲ್ಲ ಎಂದು ಗಮನಿಸಿದವರು ಆಗಲೇ ಹೇಳಿದರು. ನವೆಂಬರಿನಲ್ಲಿ ಮರ್ರೆಗೆ ಶೇ 57. ರಿಪಬ್ಲಿಕನ್ನರಿಗೆ ದೇಶದಲ್ಲಿ ಹೆಚ್ಚುವರಿ ಸಿಕ್ಕದ್ದು ಕೇವಲ 9 ಸ್ಥಾನ.

ಇದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅದೇ 2022ರಲ್ಲಿ, ಅದೇ ರಾಜ್ಯದ 3ನೆಯ ಕ್ಷೇತ್ರದಲ್ಲಿ, ಆಗಸ್ಟ್‌ನ ಒಟ್ಟು ಮತಗಳಲ್ಲಿ ರಿಪಬ್ಲಿಕನ್ ಅಭ್ಯರ್ಥಿಗಳೆಲ್ಲ ಸೇರಿ ಮೂರನೆಯ ಎರಡು ಪಾಲಿನ ಹತ್ತಿರ ಪಡೆದಿದ್ದರು. ಆದರೆ ಟ್ರಂಪ್ ವಾಗ್ದಂಡನೆಗೆ ಮತ ಹಾಕಿದ್ದ ಹಾಲಿ ಸದಸ್ಯೆ ಜೇಮೀ ಹೆರೆರಾ ಬಾಟ್ಲರ್ ಕೂದಲೆಳೆಯಲ್ಲಿ ಮೂರನೆಯ ಸ್ಥಾನಕ್ಕೆ ಜಾರಿದರು, ಟ್ರಂಪ್ ಬೆಂಬಲಿತ ಜೋ ಕೆಂಟ್ ನವೆಂಬರಿಗೆ ಹೋದರು. ಗಂಡನೊಡನೆ ಕಾರು ರಿಪೇರಿ ಗ್ಯಾರೇಜು ನಡೆಸುತ್ತಿದ್ದ ಡೆಮಾಕ್ರಟ್ ಮೇರಿ ಗ್ಲೂಸೆನ್‌ಕ್ಯಾಂಪ್ ಪೆರೆಜ್ ಗೆಲ್ಲುವ ಸಾಧ್ಯತೆ ನೂರಕ್ಕೆ ಎರಡು ಎಂದು ಹೆಸರಾಂತ ಮಾದರಿಯೊಂದು ಹೇಳಿತ್ತು. ಸುಮಾರು 2,600 ಮತಗಳಿಂದ ಅವರೇ ಗೆದ್ದರು. ಪಕ್ಷದ ಮೊತ್ತವನ್ನು ಕೂಡಿಸುವಾಗ, ಸೋತ ಅಭ್ಯರ್ಥಿಯ ಬೆಂಬಲಿಗರೆಲ್ಲ ಗೆದ್ದವನ ಹಿಂದೆ ಸಾಲುಗಟ್ಟುತ್ತಾರೆ ಎಂದು ನಾವು ಸದ್ದಿಲ್ಲದೆ ಊಹಿಸಿಕೊಂಡಿರುತ್ತೇವೆ.

ಪ್ರೈಮರಿಯೇ ನಿಜವಾದ ಚುನಾವಣೆಯಾಗಿರುವ ಕ್ಷೇತ್ರಗಳೂ ಇವೆ, ಅಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಡೆಟ್ರಾಯಿಟ್ ನಗರದ ಬಹುಭಾಗವನ್ನೊಳಗೊಂಡ ಮಿಶಿಗನ್ನಿನ 13ನೆಯ ಕ್ಷೇತ್ರ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ (ಇಲ್ಲಿ ‘ಶ್ರೀ’ ಗೌರವಕ್ಕೆ ಸೇರಿಸಿದ್ದಲ್ಲ, ಅವರ ಹೆಸರೇ ಅದು) 2022ರ ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದದ್ದು ಶೇ 28 ಮತಗಳಿಂದ. ಹತ್ತರಲ್ಲಿ ಏಳು ಜನ ಬೇರೆಯವರನ್ನು ಬಯಸಿದ್ದರು. ನವೆಂಬರಿನಲ್ಲಿ ಅವರಿಗೆ ಶೇ 71.

ಇನ್ನು ಸಭಿಕರ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಸರ್, ಹಾಗಾದರೆ ಪ್ರೈಮರಿಯಲ್ಲಿ ಕಾಣುವ ಉತ್ಸಾಹಕ್ಕೆ ಬೆಲೆಯೇ ಇಲ್ಲವೇ?’

ಇದೆ. ಅದನ್ನು ಯಾರು ಹೇಗೆ ಬಳಸಿಕೊಂಡರು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. 2008ರಲ್ಲಿ ಒಬಾಮ-ಕ್ಲಿಂಟನ್ ಸ್ಪರ್ಧೆ ಜೂನ್‌ವರೆಗೆ ಎಳೆಯಿತು. ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಯಾರೂ ಕಾಲಿಡದ ಇಂಡಿಯಾನ ಮತ್ತು ನಾರ್ತ್ ಕೆರೊಲಿನಾಗಳಲ್ಲಿ ಮೇ 6ರಂದು ಪ್ರೈಮರಿ. ಅದಕ್ಕಾಗಿ ಒಬಾಮ ತಂಡ ಕಚೇರಿ ತೆರೆಯಿತು, ಮನೆಮನೆ ಸುತ್ತಿತು, ಹೊಸ ಮತದಾರರ ಹೆಸರು ಬರೆಸಿತು, ಸ್ವಯಂಸೇವಕರ ಪಟ್ಟಿ ಇಟ್ಟುಕೊಂಡಿತು. ನವೆಂಬರಿನಲ್ಲಿ ಆ ಎರಡೂ ರಾಜ್ಯಗಳನ್ನು ಅವರು ಅತಿ ಸಣ್ಣ ಅಂತರದಲ್ಲಿ ಗೆದ್ದರು. ಇಂಡಿಯಾನದಲ್ಲಿ 1964ರ ನಂತರ, ನಾರ್ತ್ ಕೆರೊಲಿನಾದಲ್ಲಿ 1976ರ ನಂತರ ಡೆಮಾಕ್ರಟ್ ಒಬ್ಬರು ಗೆದ್ದದ್ದು ಅದೇ ಮೊದಲು. ಆ ವರ್ಷ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾಗಿ ಆರ್ಥಿಕ ಬಿಕ್ಕಟ್ಟು ಉಲ್ಬಣಿಸಿದ್ದೂ ಅವರಿಗೆ ಅನುಕೂಲವಾಯಿತು, ಅದನ್ನು ಮರೆಯುವಂತಿಲ್ಲ. ಅಂಥದೇ ದೀರ್ಘ ಸ್ಪರ್ಧೆ 1984ರಲ್ಲೂ ನಡೆದಿತ್ತು. ಮಾಂಡೇಲ್‌ಗೆ ಅದರಿಂದ ಉಳಿದದ್ದು ಸುಸ್ತು.

ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಪ್ರಶ್ನೆ ನೇರವಾಗಿತ್ತು: ‘ನನ್ನ ಮಗಳು, ಅಳಿಯ ಅಲ್ಲೇ ಇದ್ದಾರೆ. 2028ರಲ್ಲಿ ಏನನ್ನು ನೋಡಬೇಕು ಎಂದು ಅವರಿಗೆ ಹೇಳಲಿ?’

ಸಂವಿಧಾನದ 22ನೆಯ ತಿದ್ದುಪಡಿಯಂತೆ ಯಾರೂ ಮೂರನೆಯ ಬಾರಿ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಹಾಗಾಗಿ ಹಾಲಿ ಅಧ್ಯಕ್ಷರಿಲ್ಲದ ಕಣ ಅದು, ನಮ್ಮ ನಾಲ್ಕರ ಪಟ್ಟಿಗೆ ಐದನೆಯದಾಗಿ ಸೇರಬಹುದಾದದ್ದು. ರಿಪಬ್ಲಿಕನ್ನರು ಬೇಗ ಒಬ್ಬರ ಹಿಂದೆ ನಿಂತು, ಡೆಮಾಕ್ರಟರಲ್ಲಿ ಹತ್ತಾರು ಮಂದಿ ಸೆಣಸಿದರೆ, ಡೆಮಾಕ್ರಟಿಕ್ ಪ್ರೈಮರಿಗಳಿಗೆ ಜನ ಹೆಚ್ಚು ಬಂದೇ ಬರುತ್ತಾರೆ, ಪತ್ರಿಕೆಗಳು ‘ದಾಖಲೆ’ ಎಂದು ಬರೆದೇ ಬರೆಯುತ್ತವೆ. ಉಪಚುನಾವಣೆಗಳ ಗೆಲುವನ್ನೂ ಹಾಗೇ ತೂಗಿ ನೋಡಬೇಕು. 2023 ಮತ್ತು 2024ರ ಆರಂಭದಲ್ಲಿ ಡೆಮಾಕ್ರಟರು ಒಂದರ ಹಿಂದೊಂದು ಉಪಚುನಾವಣೆಯಲ್ಲಿ ನಿರೀಕ್ಷೆ ಮೀರಿ ಮತ ಪಡೆದರು, ನವೆಂಬರಿನಲ್ಲಿ ಸೋತರು. ಕಡಿಮೆ ಜನ ಬರುವ ಚುನಾವಣೆಗಳಿಗೆ ತಪ್ಪದೆ ಬರುವ ಪದವೀಧರ ಮತದಾರರು ಈಗ ಅವರ ಕಡೆ ಹೆಚ್ಚಿದ್ದಾರೆ.

ಅವರ ಮಗಳಿಗೆ ಒಂದೇ ಅಂಕಿ ನೋಡುವಷ್ಟು ವ್ಯವಧಾನವಿದ್ದರೆ ಆಗಸ್ಟ್‌ನ ಮೊದಲ ಮಂಗಳವಾರ ನಡೆಯುವ ವಾಷಿಂಗ್ಟನ್ ರಾಜ್ಯದ ಪ್ರೈಮರಿಯ ಪಕ್ಷವಾರು ಮೊತ್ತವನ್ನು ನೋಡಲಿ, 2022 ಮತ್ತು 2024ರ ಆಗಸ್ಟ್‌ಗಳ ಪಕ್ಕದಲ್ಲಿಟ್ಟು. ಆ ರಾತ್ರಿಯ ಎಣಿಕೆಯನ್ನು ಮಾತ್ರ ನಂಬಬಾರದು. ಮಂಗಳವಾರದ ಅಂಚೆ ಮುದ್ರೆ ಬಿದ್ದ ಲಕೋಟೆಗಳು ಆಮೇಲೂ ಬರುತ್ತಲೇ ಇರುತ್ತವೆ, ತಡವಾಗಿ ಎಣಿಕೆಯಾಗುವ ಮತಗಳು ಸಾಮಾನ್ಯವಾಗಿ ಎಡಕ್ಕೆ, ಅಂದರೆ ಡೆಮಾಕ್ರಟರ ಕಡೆಗೆ, ವಾಲುತ್ತವೆ. ಕೌಂಟಿಗಳು ಫಲಿತಾಂಶಕ್ಕೆ ಮೊಹರು ಹಾಕುವುದು ಹದಿನಾಲ್ಕು ದಿನಗಳ ನಂತರ. ಅಲ್ಲಿಯವರೆಗೆ ಫೋನಿನಲ್ಲಿ ಮೊಮ್ಮಕ್ಕಳ ವಿಷಯ ಮಾತನಾಡಿಕೊಂಡಿರಿ ಎಂದೆ.